ಆಯಿಲ್ ಹೋದ ದಾರಿ

ಎಂಜಿನ್‌ಗೆ ವಯಸ್ಸಾಗಿ ಆಯಿಲ್ ತಿನ್ನತೊಡಗಿದರೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಗಾಡಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದೆ, ರಿಂಗ್ ಸವೆದಿದೆ, ಬೋರ್ ದೊಡ್ಡದಾಗಿದೆ, ಬಿಚ್ಚಿ ಕೆಲಸ ಮಾಡಿಸಬೇಕು. ಆ ಕೆಲಸ ಮುಗಿದ ಮೇಲೂ ಆಯಿಲ್ ಹೋಗುತ್ತಿದ್ದರೆ ಮಾತ್ರ ಮಾಲೀಕನಿಗೂ ಮೆಕ್ಯಾನಿಕ್‌ಗೂ ನಿದ್ದೆ ಬರುವುದಿಲ್ಲ. ಬೋರಿಂಗ್ ಆಗಿದೆ, ಹೊಸ ಪಿಸ್ಟನ್ ಮತ್ತು ರಿಂಗ್ ಬಿದ್ದಿವೆ, ಹೆಡ್ ಕೆಲಸವೂ ಆಗಿದೆ. ಗಾಡಿ ಮನೆಗೆ ಬಂದ ಕೆಲವೇ ವಾರಗಳಲ್ಲಿ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕೆಳಗಿನ ಗೆರೆಗೆ ಬಂದು ನಿಂತಿರುತ್ತದೆ.

ಪುಣೆಯ ಯೆರವಡಾದಲ್ಲಿ ಈ ದೂರು ಕಿವಿಗೆ ಬೀಳುವುದು ಸಹಜ. ವಿಮಾನ ನಿಲ್ದಾಣದ ರಸ್ತೆ, ಊರಾಚೆಗೆ ಒಯ್ಯುವ ‘ನಗರ ರಸ್ತೆ’, ಆಳಂದಿ ರಸ್ತೆ ಎಲ್ಲವೂ ಈ ಭಾಗವನ್ನು ತಾಕಿಕೊಂಡೇ ಹೋಗುತ್ತವೆ. ಬಾಡಿಗೆ ಕಾರುಗಳಿಗೂ ಅವನ್ನು ರಿಪೇರಿ ಮಾಡುವ ಸಣ್ಣ ಗ್ಯಾರೇಜುಗಳಿಗೂ ಇಲ್ಲಿ ಬರವಿಲ್ಲ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಬಂದು ಪುಣೆಯಲ್ಲೇ ನೆಲೆ ನಿಂತವರು ಬಹಳ ಮಂದಿ. ಹೀಗಾಗಿ ಸ್ಪ್ಯಾನರ್ ಸದ್ದಿನ ನಡುವೆ ನಮ್ಮ ಕನ್ನಡವೂ ಕೇಳುತ್ತದೆ. ಅಂಥ ಒಂದು ಗ್ಯಾರೇಜಿನಲ್ಲಿ ಕೇಳಿದ ಮಾತು ಇದು: "ಕಂಪ್ರೆಷನ್ ಭಾಳ ಛಲೋ ಅದರೀ ಸರ. ರಿಂಗ್ ಮ್ಯಾಲ ಸಂಶಯನೇ ಬ್ಯಾಡ್ರಿ, ಹೆಡ್ ಬಿಚ್ಚೂಣು."

ಹೇಳಿದವನು ಪ್ರಾಮಾಣಿಕ, ಅವನ ಗೇಜ್ ತೋರಿಸಿದ ಅಂಕಿಯೂ ನಿಜ. ಆ ಅಂಕಿಯಿಂದ ಅವನು ಕಟ್ಟಿದ ತೀರ್ಮಾನಕ್ಕೆ ಮಾತ್ರ ಆಧಾರ ಸಾಲದು. ಹೊಸದಾಗಿ ಕಟ್ಟಿದ ಎಂಜಿನ್ ಆಯಿಲ್ ಕುಡಿಯುವಾಗ ಆಗುವ ಹೆಚ್ಚಿನ ನಷ್ಟ ಈ ಒಂದು ತೀರ್ಮಾನದಿಂದಲೇ ಹುಟ್ಟುತ್ತದೆ. ಗಾಳಿಯನ್ನು ಹಿಡಿದಿಡುವುದು ಒಂದು ಕೆಲಸ, ಆಯಿಲನ್ನು ಹಿಡಿದಿಡುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಭಾಗಗಳಿವೆ. ಮೊದಲನೆಯದು ಚೆನ್ನಾಗಿದೆ ಎಂದ ಮಾತ್ರಕ್ಕೆ ಎರಡನೆಯದೂ ಚೆನ್ನಾಗಿದೆ ಎನ್ನಲಾಗದು.

ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಮಾರುತಿ 800 ಅನ್ನೇ ತೆಗೆದುಕೊಳ್ಳೋಣ. 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಇಳಿದು 2014ರವರೆಗೆ ತಯಾರಾದ ಈ ಕಾರಿನ ಎಂಜಿನ್ 796 ಸಿಸಿಯದು. ಮೂರು ಸಿಲಿಂಡರ್, ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಪಿಸ್ಟನ್‌ಗೆ ಮೂರು ರಿಂಗ್. ನಮ್ಮ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ, ಎಂಜಿನ್ ನಿಮಿಷಕ್ಕೆ 2500 ಸುತ್ತು ತಿರುಗುತ್ತಿದೆ, 1000 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಹೋಗುತ್ತಿದೆ ಎಂದಿಟ್ಟುಕೊಳ್ಳಿ. 1000 ಕಿಲೋಮೀಟರ್ ಎಂದರೆ 1000 ನಿಮಿಷ. ಫೋರ್ ಸ್ಟ್ರೋಕ್ ಎಂಜಿನ್ ಆದ್ದರಿಂದ ಪ್ರತಿ ಸಿಲಿಂಡರಿನಲ್ಲೂ ಎರಡು ಸುತ್ತಿಗೊಮ್ಮೆ ಇಂಧನ ಉರಿಯುತ್ತದೆ. ಮೂರೂ ಸಿಲಿಂಡರ್ ಸೇರಿ ಅಷ್ಟು ಹೊತ್ತಿನಲ್ಲಿ ಉರಿಯುವುದು ಸುಮಾರು 37.5 ಲಕ್ಷ ಸಲ. ಒಂದು ಲೀಟರನ್ನು ಅಷ್ಟು ಪಾಲು ಮಾಡಿದರೆ ಒಂದೊಂದು ಸಲಕ್ಕೆ ಬರುವುದು ಸುಮಾರು 0.27 ಘನ ಮಿಲಿಮೀಟರ್. ಇಷ್ಟನ್ನು ಸಿಲಿಂಡರಿನ ಒಳಗೋಡೆಯ ಮೇಲೆ ಒಂದೇ ಸಮ ಹರಡಿದರೆ ಅದರ ದಪ್ಪ 17 ನ್ಯಾನೊಮೀಟರ್ ಆಸುಪಾಸು, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ 17 ಭಾಗ.

ಮಾಲೀಕನಿಗೆ ಒಂದು ಲೀಟರ್ ಎನ್ನುವುದು ಡಬ್ಬದ ಬೆಲೆಯಾಗಿ ಕಾಣುತ್ತದೆ. ಎಂಜಿನ್‌ಗೆ ಅದು ಇಷ್ಟು ತೆಳುವಾದ ಪದರ. ಗೋಡೆಯ ಮೇಲೆ ಸಾಮಾನ್ಯವಾಗಿ ಉಳಿಯುವ ಆಯಿಲ್ ಪದರವೇ ಇದಕ್ಕಿಂತ ಎಷ್ಟೋ ಪಟ್ಟು ದಪ್ಪ, ಮೈಕ್ರಾನ್ ಲೆಕ್ಕದ್ದು. ಅದರಲ್ಲಿ ನೂರಕ್ಕೆ ಒಂದೆರಡು ಪಾಲು ಹೆಚ್ಚು ಉರಿದರೂ ಸಾಕು, ಕಾರು ಸಾವಿರ ಕಿಲೋಮೀಟರಿಗೆ ಲೀಟರ್ ಕುಡಿಯುತ್ತದೆ. ಇಷ್ಟು ಸೂಕ್ಷ್ಮದ ವ್ಯವಹಾರವನ್ನು ಕೈಯಿಂದ ಬೋಲ್ಟ್ ಬಿಗಿದು ಕಟ್ಟಿದ ಯಂತ್ರ ಲಕ್ಷಾಂತರ ಕಿಲೋಮೀಟರ್ ನಿಭಾಯಿಸುತ್ತದಲ್ಲ, ಅದೇ ನನಗೆ ದೊಡ್ಡ ಸೋಜಿಗ.

ಆದ್ದರಿಂದ ಮೊದಲ ಪ್ರಶ್ನೆ: ಆಯಿಲ್ ನಿಜಕ್ಕೂ ಹೋಗುತ್ತಿದೆಯೇ, ಎಷ್ಟು? ಹೊಸದಾಗಿ ಕಟ್ಟಿದ ಎಂಜಿನ್‌ಗೆ ಆಯಿಲ್ ಸುರಿದು ಗೇಜ್ ನೋಡಿ, ಆಮೇಲೆ ಸ್ಟಾರ್ಟ್ ಮಾಡಿದರೆ ಫಿಲ್ಟರ್ ಮತ್ತು ಒಳದಾರಿಗಳು ತುಂಬಿಕೊಂಡು ಮಟ್ಟ ತಾನಾಗಿ ಇಳಿಯುತ್ತದೆ. ಅದು ನಷ್ಟವಲ್ಲ. ಡಿಪ್‌ಸ್ಟಿಕ್ ನೋಡುವುದಾದರೆ ಅದೇ ಸಮತಟ್ಟಾದ ಜಾಗ, ಎಂಜಿನ್ ನಿಲ್ಲಿಸಿ ಅಷ್ಟೇ ಹೊತ್ತಾದ ಮೇಲೆ ನೋಡಬೇಕು. ಇದಕ್ಕಿಂತ ನಂಬುವಂಥ ದಾರಿ ತೂಕ. ಎಂಜಿನ್ ಪ್ರಯೋಗಾಲಯಗಳಲ್ಲಿ ಆಯಿಲ್ ಇಳಿಸಿ ತೂಗುವ ಕ್ರಮ ಹಿಂದಿನಿಂದ ಇದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಿಂದ ಗ್ಯಾರೇಜಿನಲ್ಲೂ ಅದನ್ನೇ ಮಾಡಬಹುದು. ಒಂದು ಲೀಟರ್ ಎಂಜಿನ್ ಆಯಿಲ್ ಸುಮಾರು 870 ಗ್ರಾಂ ತೂಗುತ್ತದೆ. ಹಾಕಿದ್ದನ್ನು ತೂಗಿ ಬರೆದಿಟ್ಟು, 500 ಕಿಲೋಮೀಟರ್ ಓಡಿದ ಮೇಲೆ ಬಿಸಿ ಎಂಜಿನ್‌ನಿಂದ ಇಳಿಸಿ ಮತ್ತೆ ತೂಗಿದರೆ ಊಹೆಗೆ ಜಾಗ ಉಳಿಯುವುದಿಲ್ಲ. ಕಾರ್ಬ್ಯುರೇಟರ್ ಗಾಡಿಯಲ್ಲಿ ಚೋಕ್ ಎಳೆದು ಸಣ್ಣ ಸಣ್ಣ ಓಡಾಟ ಮಾಡಿದರೆ ಪೆಟ್ರೋಲ್ ಆಯಿಲ್‌ಗೆ ಬೆರೆತು ಮಟ್ಟ ಏರುತ್ತದೆ, ಹೋದ ಆಯಿಲ್ ಲೆಕ್ಕಕ್ಕೇ ಸಿಗುವುದಿಲ್ಲ. ಇಳಿಸಿದ ಆಯಿಲ್ ನೀರುನೀರಾಗಿದ್ದು ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಆ ತೂಕವನ್ನು ಪೂರ್ತಿ ನಂಬಬಾರದು.

ಎಷ್ಟು ಹೋದರೆ ಹೆಚ್ಚು? ಕಾರು ತಯಾರಕರಲ್ಲೇ ಹಲವರು 1000 ಕಿಲೋಮೀಟರಿಗೆ ಅರ್ಧ ಲೀಟರ್, ಕೆಲವರು ಒಂದು ಲೀಟರ್‌ವರೆಗೂ ಒಪ್ಪಬಹುದು ಎಂದು ಕೈಪಿಡಿಯಲ್ಲಿ ಬರೆದಿರುತ್ತಾರೆ. ನನ್ನ ಮಟ್ಟಿಗೆ ಆ ಮಿತಿ ತೀರ ಸಡಿಲ. ಚೆನ್ನಾಗಿ ಕಟ್ಟಿದ ಸಣ್ಣ ಪೆಟ್ರೋಲ್ ಎಂಜಿನ್ ಅದರ ಕಾಲುಭಾಗಕ್ಕೂ ಹೋಗಬಾರದು. ಆದರೆ ಮೊದಲ ಸಾವಿರ ಕಿಲೋಮೀಟರಿನಲ್ಲಿ ಸ್ವಲ್ಪ ಹೆಚ್ಚು ಹೋಗಿ ಆಮೇಲೆ ಇಳಿಯುತ್ತಾ ಬಂದರೆ ಗಾಬರಿಪಡುವ ಕಾರಣವಿಲ್ಲ. ಒಂದು ಸಲದ ಅಳತೆಗಿಂತ ಎರಡು ಮೂರು ಅಳತೆ ಕಡಿಮೆಯಾಗುತ್ತಿವೆಯೇ, ಹಾಗೇ ನಿಂತಿವೆಯೇ ಎಂಬುದು ಹೆಚ್ಚು ಹೇಳುತ್ತದೆ.

ಎರಡನೆಯದು, ಹೊರಗೆ ಸೋರುತ್ತಿದೆಯೇ? ಇದು ಬೇಗ ಮುಗಿಯುವ ಕೆಲಸ. ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿಟ್ಟರೆ ಬೆಳಗ್ಗೆ ಕಲೆ ಕಾಣುತ್ತದೆ. ಆಯಿಲ್ ಪ್ರೆಷರ್ ಸ್ವಿಚ್, ಕ್ರ್ಯಾಂಕಿನ ಹಿಂದಿನ ಸೀಲ್, ಟ್ಯಾಪೆಟ್ ಕವರಿನ ಗ್ಯಾಸ್ಕೆಟ್, ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಚೇಂಬರಿನ ಗ್ಯಾಸ್ಕೆಟ್ ಇಷ್ಟನ್ನು ಒರೆಸಿ ಒಂದು ದಿನ ಓಡಿಸಿ ನೋಡಿದರಾಯಿತು. ಓಡುವಾಗ ಮಾತ್ರ ಸೋರಿ ಗಾಳಿಗೆ ಹಿಂದಕ್ಕೆ ಚೆದುರುವ ಸೋರಿಕೆಯೂ ಇರುತ್ತದೆ, ಆದ್ದರಿಂದ ಗೇರ್‌ಬಾಕ್ಸಿನ ಹಿಂಭಾಗವನ್ನೂ ನೋಡಬೇಕು. ಏನೂ ಇಲ್ಲವೆಂದರೆ ಆಯಿಲ್ ಉರಿಯುತ್ತಿದೆ.

ಉರಿಯುವ ಜಾಗಕ್ಕೆ ಆಯಿಲ್ ಹೋಗಲು ದಾರಿಗಳು ಕೆಲವೇ. ಕೆಳಗಿನಿಂದ ರಿಂಗ್ ದಾಟಿ ಬರಬೇಕು, ಇಲ್ಲವೆ ಮೇಲಿನಿಂದ ವಾಲ್ವ್ ಗೈಡಿನ ಸಂದಿಯಲ್ಲಿ ಇಳಿಯಬೇಕು, ಇಲ್ಲವೆ ಎಂಜಿನ್ ಉಸಿರಾಡುವ ಪೈಪಿನಲ್ಲಿ ಗಾಳಿಯ ಜೊತೆ ಮಂಜಾಗಿ ಹೋಗಬೇಕು. ಟರ್ಬೊ ಇರುವ ಡೀಸೆಲ್ ಗಾಡಿಯಾದರೆ ಟರ್ಬೊದ ಸೀಲ್ ಇನ್ನೊಂದು ದಾರಿ. ಇಂಟರ್‌ಕೂಲರ್ ಪೈಪ್ ಬಿಚ್ಚಿ ಒಳಗೆ ಆಯಿಲ್ ನಿಂತಿದೆಯೇ ಎಂದು ನೋಡಿದರೆ ಅದು ಬಹುಮಟ್ಟಿಗೆ ತಿಳಿಯುತ್ತದೆ.

ರಿಂಗಿನ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಹಬೆ ಎಂಜಿನ್‌ಗಳ ಕಾಲದಲ್ಲಿ ಪಿಸ್ಟನ್ ಸುತ್ತ ಸೆಣಬಿನ ನಾರನ್ನು ಕೊಬ್ಬಿನಲ್ಲಿ ಅದ್ದಿ ಸುತ್ತುತ್ತಿದ್ದರು. 1850ರ ದಶಕದಲ್ಲಿ ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಒಂದು ಕಡೆ ಸೀಳಿದ ಲೋಹದ ಬಳೆಯನ್ನು ಪಿಸ್ಟನ್ನಿನ ತೋಡಿನಲ್ಲಿ ಕೂರಿಸಿದ. ಬಳೆ ತನ್ನ ಸ್ಪ್ರಿಂಗ್ ಗುಣದಿಂದಲೇ ಗೋಡೆಗೆ ಒತ್ತಿಕೊಂಡಿತು. ಇಂದಿನ ರಿಂಗ್ ಅದರ ಮೊಮ್ಮಗು. ಆದರೆ ಮೇಲಿನ ರಿಂಗನ್ನು ಗೋಡೆಗೆ ಒತ್ತುವುದರಲ್ಲಿ ಸ್ಪ್ರಿಂಗ್ ಬಲದ ಪಾಲು ಸಣ್ಣದು. ಉರಿದ ಅನಿಲ ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅಲ್ಲಿಂದ ಅದನ್ನು ಹೊರಕ್ಕೆ ತಳ್ಳುತ್ತದೆ. ಪೂರ್ತಿ ಭಾರದಲ್ಲಿ ಆ ಒತ್ತಡ 40 ಬಾರ್ ದಾಟುತ್ತದೆ, ಐಡಲಿಂಗ್‌ನಲ್ಲಿ ಅದರ ಸಣ್ಣ ಪಾಲು ಮಾತ್ರ. ಈ ಸಂಗತಿ ಮುಂದೆ ರನ್ನಿಂಗ್ ಇನ್, ಅಂದರೆ ಹೊಸ ಎಂಜಿನ್ ಪಳಗಿಸುವ ಓಟದ, ಮಾತು ಬಂದಾಗ ಬೇಕಾಗುತ್ತದೆ.

ಎರಡನೆಯ ರಿಂಗ್ ಅರ್ಧ ಅನಿಲ ತಡೆಯುತ್ತದೆ, ಅರ್ಧ ಆಯಿಲ್ ಕೆರೆಯುತ್ತದೆ. ಅದರ ಮುಖಕ್ಕೆ ಕಣ್ಣಿಗೆ ಕಾಣದಷ್ಟು ಓರೆ ಕೊಟ್ಟಿರುತ್ತಾರೆ. ಓರೆಯ ಚೂಪು ಕೆಳಗಿದ್ದರೆ ಪಿಸ್ಟನ್ ಇಳಿಯುವಾಗ ಆಯಿಲ್ ಕೆಳಕ್ಕೆ ಕೆರೆದು ಹೋಗುತ್ತದೆ. ತಲೆಕೆಳಗಾಗಿ ಕೂತರೆ ಪಿಸ್ಟನ್ ಏರುವಾಗ ಅದೇ ಅಂಚು ಆಯಿಲನ್ನು ಮೇಲಕ್ಕೆ ಎತ್ತಿ ಕೊಡುತ್ತದೆ. ಅದಕ್ಕೇ ರಿಂಗಿನ ಒಂದು ಮೈಮೇಲೆ, ಸೀಳಿನ ಪಕ್ಕದಲ್ಲಿ, ಸಣ್ಣ ಅಕ್ಷರವನ್ನೋ ಚುಕ್ಕೆಯನ್ನೋ ಒತ್ತಿರುತ್ತಾರೆ. ಆ ಮೈ ಮೇಲಕ್ಕೆ ಇರಬೇಕು. ಸಂಜೆಗತ್ತಲಲ್ಲಿ, ಬಲ್ಬಿನ ಮಂದ ಬೆಳಕಿನಲ್ಲಿ, ಗ್ರೀಸ್ ಹಿಡಿದ ಬೆರಳುಗಳ ನಡುವೆ ಆ ಗುರುತು ಕಾಣದೆ ಹೋಗುವುದು ಏನೂ ಕಷ್ಟವಲ್ಲ. ಹಾಗೆ ಕೂತ ರಿಂಗ್ ಅನಿಲವನ್ನು ತಕ್ಕಮಟ್ಟಿಗೆ ತಡೆದುಬಿಡುತ್ತದೆ, ಆದ್ದರಿಂದ ಕಂಪ್ರೆಷನ್ ಗೇಜ್ ಅದನ್ನು ಹಿಡಿದು ಕೊಡುವುದಿಲ್ಲ.

ಮೂರನೆಯದು ಆಯಿಲ್ ರಿಂಗ್. ಸಾಮಾನ್ಯವಾಗಿ ಮೂರು ತುಂಡು: ಮೇಲೊಂದು ಕೆಳಗೊಂದು ತೆಳುವಾದ ಉಕ್ಕಿನ ಪಟ್ಟಿ, ನಡುವೆ ಅಲೆಅಲೆಯಾದ ಎಕ್ಸ್‌ಪಾಂಡರ್. ದೋಸೆ ಹಂಚಿನ ಮೇಲೆ ಅರ್ಧ ಈರುಳ್ಳಿ ಉಜ್ಜಿದಾಗ ಎಣ್ಣೆ ತೆಳ್ಳಗೆ ಉಳಿದು ಮಿಕ್ಕಿದ್ದು ಸರಿದುಹೋಗುತ್ತದಲ್ಲ, ಆಯಿಲ್ ರಿಂಗಿನ ಕೆಲಸವೂ ಅದೇ. ಕೆರೆದ ಆಯಿಲ್ ಪಿಸ್ಟನ್ ತೋಡಿನಲ್ಲಿರುವ ತೂತುಗಳ ಮೂಲಕ ಒಳಗೆ ಬಿದ್ದು ಚೇಂಬರಿಗೆ ಇಳಿಯುತ್ತದೆ. ಎಕ್ಸ್‌ಪಾಂಡರಿನ ಎರಡು ತುದಿಗಳು ಮುಖಕ್ಕೆ ಮುಖ ತಾಗಿ ನಿಲ್ಲಬೇಕು. ಜೋಡಿಸುವಾಗ ಒಂದು ತುದಿ ಇನ್ನೊಂದರ ಮೇಲೆ ಹತ್ತಿ ಕೂತರೆ ಅದರ ಸುತ್ತಳತೆ ಚಿಕ್ಕದಾಗಿ, ಪಟ್ಟಿಗಳನ್ನು ಗೋಡೆಗೆ ಒತ್ತುವ ಬಲವೇ ಹೋಗುತ್ತದೆ. ಪಿಸ್ಟನ್ ಮಾತ್ರ ಸಲೀಸಾಗಿ ಸಿಲಿಂಡರಿನೊಳಗೆ ಇಳಿಯುತ್ತದೆ, ಎಂಜಿನ್ ಮೊದಲ ಸೆಲ್ಫಿಗೇ ಎದ್ದುಕೊಳ್ಳುತ್ತದೆ.

ಈಗ ಕಂಪ್ರೆಷನ್ ಗೇಜಿನ ಮಾತಿಗೆ ಬರೋಣ. ಗೇಜ್ ಅಳೆಯುವುದು ಮೇಲಿನ ಎರಡು ರಿಂಗ್ ಮತ್ತು ವಾಲ್ವ್‌ಗಳು ಗಾಳಿಯನ್ನು ಎಷ್ಟು ಹಿಡಿದಿಟ್ಟವು ಎಂಬುದನ್ನು. ಆಯಿಲ್ ರಿಂಗಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಇನ್ನೂ ಒಂದು ವಿಷಯವಿದೆ. ಕಂಪ್ರೆಷನ್ ಕಡಿಮೆ ಬಂದಾಗ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುವುದು ಹಳೆಯ ಪದ್ಧತಿ. ಆಯಿಲ್ ಸಂದಿಗಳನ್ನು ಮುಚ್ಚುವುದರಿಂದ ಅಂಕಿ ಏರಿದರೆ ತಪ್ಪು ರಿಂಗಿನದು ಎಂದು ತಿಳಿಯುತ್ತಾರೆ. ಆಯಿಲ್ ರಿಂಗ್ ಕೆಲಸ ಮಾಡದ ಎಂಜಿನ್‌ನಲ್ಲಿ ಆ ಚಮಚ ಆಯಿಲ್ ತಾನಾಗಿಯೇ ಮೇಲೆ ಬಂದಿರುತ್ತದೆ! ಒಣ ಅಳತೆಯೇ ಚೆನ್ನಾಗಿ ಬರುತ್ತದೆ. ಅಂದರೆ ಕಾಯಿಲೆಯೇ ಪರೀಕ್ಷೆಯ ಅಂಕಿಯನ್ನು ಏರಿಸಿದೆ.

ಪುಣೆಯಲ್ಲಿ ಆ ಅಂಕಿಯನ್ನು ಓದುವಾಗ ಊರಿನ ಎತ್ತರವನ್ನೂ ನೆನಪಿಡಬೇಕು. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಗಾಳಿಯ ಒತ್ತಡ ಮುಂಬಯಿಗಿಂತ ನೂರಕ್ಕೆ ಆರರಷ್ಟು ಕಡಿಮೆ. ಮುಂಬಯಿಯಲ್ಲಿ 175 ಪಿಎಸ್‌ಐ ತೋರಿಸುವ ಎಂಜಿನ್ ಯೆರವಡಾದಲ್ಲಿ 165ರ ಹತ್ತಿರ ತೋರಿಸಿದರೆ ಅದು ಪೂರ್ತಿ ಆರೋಗ್ಯವಂತ. ಆ ಹತ್ತು ಪಿಎಸ್‌ಐ ಕೊರತೆಗಾಗಿ ಎಂಜಿನ್ ಬಿಚ್ಚುವುದು ದುಡ್ಡು ದಂಡ. ಅಂಕಿಗಿಂತ ಮೂರು ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನು ನೋಡುವುದು ಒಳ್ಳೆಯದು.

ರಿಂಗ್ ಸರಿಯಾಗಿ ಕೂತಿದ್ದರೂ ಗೋಡೆ ಕೈಕೊಡಬಹುದು. ಬೋರಿಂಗ್ ಆದ ಮೇಲೆ ಹೋನಿಂಗ್ ಕಲ್ಲಿನಿಂದ ಗೋಡೆಯ ಮೇಲೆ ಒಂದಕ್ಕೊಂದು ಅಡ್ಡವಾಗಿ ಹಾಯುವ ಸಣ್ಣ ಗೀರುಗಳನ್ನು ಹಾಕುತ್ತಾರೆ. ಟಾರ್ಚ್ ಹಿಡಿದು ನೋಡಿದರೆ ಒಳಗೋಡೆ ಪೂರ್ತಿ ವಜ್ರಾಕಾರದ ಜಾಲರಿಯಂತೆ ಹೊಳೆಯುತ್ತದೆ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲಬೇಕು, ಗೀರುಗಳ ನಡುವಿನ ಏಣುಗಳು ರಿಂಗಿಗೆ ಉಜ್ಜಿ ಸವೆದು ಚಪ್ಪಟೆಯಾಗಬೇಕು. ರಿಂಗ್ ಮತ್ತು ಗೋಡೆ ಒಂದಕ್ಕೊಂದು ಹೊಂದಿಕೊಳ್ಳುವುದು ಎಂದರೆ ಇಷ್ಟೇ. ಗೀರು ತೀರ ಆಳವಾದರೆ ಅದರಲ್ಲಿ ಉಳಿಯುವ ಆಯಿಲ್ ಹೆಚ್ಚಾಗಿ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಉರಿಯುತ್ತದೆ. ತೀರ ನುಣುಪಾದರೆ ರಿಂಗಿಗೆ ಉಜ್ಜಿಕೊಳ್ಳಲು ಏನೂ ಸಿಗುವುದಿಲ್ಲ.

ಹೋನಿಂಗ್ ಆದ ಮೇಲಿನ ತೊಳೆಯುವ ಕೆಲಸವನ್ನು ಯಾರೂ ದೊಡ್ಡದೆಂದು ಎಣಿಸುವುದಿಲ್ಲ, ಆದರೆ ಎಷ್ಟೋ ಎಂಜಿನ್‌ಗಳು ಕೆಟ್ಟಿರುವುದು ಅಲ್ಲಿಯೇ. ಕಲ್ಲಿನ ಪುಡಿ ಮತ್ತು ಲೋಹದ ಪುಡಿ ಗೀರುಗಳಲ್ಲಿ ಹೂತು ಕೂತಿರುತ್ತವೆ. ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ತೊಳೆದರೆ ಜಿಡ್ಡು ಹೋಗುತ್ತದೆ, ಪುಡಿ ಅಲ್ಲೇ ಉಳಿಯುತ್ತದೆ. ಗೋಡೆ ನೋಡಲು ಸ್ವಚ್ಛ. ಬಿಸಿನೀರು, ಸೋಪು, ಬ್ರಷ್ ಹಾಕಿ ಚೆನ್ನಾಗಿ ಉಜ್ಜಿದರೆ ಮಾತ್ರ ಆ ಪುಡಿ ಎದ್ದು ಬರುತ್ತದೆ. ಬಳಿಕ ಬಿಳಿ ಬಟ್ಟೆಗೆ ಹೊಸ ಆಯಿಲ್ ಹಚ್ಚಿ ಗೋಡೆ ಒರೆಸಬೇಕು. ಬಟ್ಟೆಯ ಮೇಲೆ ಬೂದುಬಣ್ಣ ಬಂದರೆ ಮತ್ತೆ ಸೋಪು, ಮತ್ತೆ ನೀರು. ಬಟ್ಟೆ ಬಿಳಿಯಾಗಿಯೇ ಹಿಂದಿರುಗುವವರೆಗೆ ಬಿಡಬಾರದು. ಆ ಕೂಡಲೇ ಆಯಿಲ್ ಸವರದಿದ್ದರೆ ಬರಿ ಕಬ್ಬಿಣ ನೋಡನೋಡುತ್ತ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ, ಪುಣೆಯ ಮಳೆಗಾಲದಲ್ಲಂತೂ ಇನ್ನೂ ಬೇಗ. ಈ ಕೆಲಸಕ್ಕೆ ಖರ್ಚು ಒಂದು ಸೋಪಿನದು. ಮಾಡದೆ ಬಿಟ್ಟರೆ ಉಳಿದ ಪುಡಿ ಹೊಸ ರಿಂಗಿನ ಅಂಚನ್ನು ಕೆಲವೇ ನೂರು ಕಿಲೋಮೀಟರಿನಲ್ಲಿ ತಿಂದುಹಾಕುತ್ತದೆ. ಬೋರಿಂಗ್ ಅಂಗಡಿಯವನು "ಗ್ಯಾರೇಜಿನವರು ತೊಳೀತಾರೆ" ಎಂದುಕೊಂಡಿರುತ್ತಾನೆ, ಗ್ಯಾರೇಜಿನವನು "ತೊಳೆದೇ ಕೊಟ್ಟಿದ್ದಾರೆ" ಎಂದುಕೊಂಡಿರುತ್ತಾನೆ. ಯಾರು ತೊಳೆಯಬೇಕು ಎಂಬುದನ್ನು ಬಾಯಿಬಿಟ್ಟು ಮಾತಾಡಿಕೊಳ್ಳುವುದೇ ಇದಕ್ಕೆ ಮದ್ದು.

ಗೋಡೆಯ ಆಕಾರವೂ ಒಂದು ವಿಷಯ. ಮೇಜಿನ ಮೇಲಿಟ್ಟ ಬ್ಲಾಕಿನಲ್ಲಿ ಬೋರ್ ದುಂಡಗೆ ಇರುತ್ತದೆ. ಹೆಡ್ ಕೂರಿಸಿ ಬೋಲ್ಟ್ ಬಿಗಿದಾಗ ಲೋಹ ಎಳೆದುಕೊಂಡು ಬೋರ್ ಕೆಲವು ಮೈಕ್ರಾನ್‌ಗಳಿಂದ ಹಿಡಿದು ಕೆಲವು ಹತ್ತು ಮೈಕ್ರಾನ್‌ವರೆಗೆ ಓರೆಯಾಗುತ್ತದೆ. ಒಳ್ಳೆಯ ಮಷಿನ್ ಶಾಪ್‌ಗಳು ಹೆಡ್‌ನ ಬದಲಿಗೆ ದಪ್ಪ ಉಕ್ಕಿನ ಹಲಗೆಯನ್ನು ಅಷ್ಟೇ ಬಿಗಿಯಾಗಿ ಕಟ್ಟಿ, ಆ ಎಳೆತ ಇರುವಾಗಲೇ ಹೋನಿಂಗ್ ಮಾಡುತ್ತವೆ. ಸಣ್ಣ ಕಾರುಗಳ ಕೆಲಸದಲ್ಲಿ ಇದು ಅಪರೂಪ. ಕೊನೆಯಪಕ್ಷ ಟಾರ್ಕ್ ರೆಂಚ್ ಹಿಡಿದು, ಕೈಪಿಡಿ ಹೇಳಿದ ಕ್ರಮದಲ್ಲಿ, ಹಂತಹಂತವಾಗಿ ಬಿಗಿಯುವುದನ್ನಾದರೂ ಬಿಡಬಾರದು. ಅಂದಾಜಿನ ಮೇಲೆ ಬಿಗಿದ ಹೆಡ್ ಇಡೀ ಬೋರಿಂಗ್ ಕೆಲಸವನ್ನು ಹಾಳು ಮಾಡಬಲ್ಲದು.

ಇಂಥ ನಿಖರತೆಯ ಕೆಲಸಕ್ಕೆ ಪುಣೆಯ ಈ ಭಾಗ ಹೊಸದಲ್ಲ. ಯೆರವಡಾದಿಂದ ಹೊಳೆ ದಾಟಿದರೆ ಸಿಗುವ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ 1946ರಲ್ಲಿ ಶುರುವಾಯಿತು. ಆ ಮನೆತನದ ಉದ್ಯಮಕ್ಕೆ ಅಡಿಪಾಯ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಉದ್ಯಮ ಆರಂಭಿಸಿದ್ದು ಬೆಳಗಾವಿಯ ಸೈಕಲ್ ಅಂಗಡಿಯಿಂದ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ತಯಾರಿಸಿದ ಲೇತ್‌ಗಳು ದೇಶದ ಎಷ್ಟೋ ಮಷಿನ್ ಶಾಪ್‌ಗಳನ್ನು ತಲುಪಿದವು. ಮತ್ತೆ ಗೋಡೆಯ ಮಾತಿಗೆ ಬಂದರೆ, ಡೀಸೆಲ್ ಜನರೇಟರ್ ನೋಡಿಕೊಳ್ಳುವವರಿಗೆ ಅದರ ಒಂದು ಕಾಯಿಲೆ ಚೆನ್ನಾಗಿ ಗೊತ್ತು. ಭಾರ ಹಾಕದೆ ಗಂಟೆಗಟ್ಟಲೆ ಓಡಿಸಿದರೆ ಜನರೇಟರಿನ ಸಿಲಿಂಡರ್ ಗೋಡೆ ಕನ್ನಡಿಯಂತಾಗಿ ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ.

ಕಾರಿನಲ್ಲೂ ಅದೇ ನಡೆಯುತ್ತದೆ. ಹೊಸ ಎಂಜಿನ್‌ಗೆ ನೋವಾಗಬಾರದೆಂದು ಮಾಲೀಕರು ಮೊದಲ ದಿನವೇ ಗಂಟೆಗಟ್ಟಲೆ ಐಡಲಿಂಗ್‌ನಲ್ಲಿ ಬಿಡುತ್ತಾರೆ, ಆಮೇಲೆ ನಿಧಾನವಾಗಿ, ಒಂದೇ ವೇಗದಲ್ಲಿ, ಮುದ್ದಿನಿಂದ ಓಡಿಸುತ್ತಾರೆ. ಕಾಳಜಿ ನಿಜವಾದದ್ದು, ಆದರೆ ಎಂಜಿನ್‌ಗೆ ಬೇಕಾದದ್ದು ಬೇರೆ. ಅನಿಲದ ಒತ್ತಡವಿಲ್ಲದೆ ರಿಂಗ್ ಗೋಡೆಗೆ ಒತ್ತಿಕೊಳ್ಳುವುದಿಲ್ಲ. ಏಣುಗಳು ಸವೆಯುವ ಮೊದಲೇ ತಗ್ಗಿನಲ್ಲಿದ್ದ ಆಯಿಲ್ ಬಿಸಿಗೆ ಗಟ್ಟಿಯಾಗಿ ವಾರ್ನಿಶ್ ಥರ ಅಂಟಿಕೊಳ್ಳುತ್ತದೆ. ಗೀರುಗಳು ತುಂಬಿಹೋದ ಮೇಲೆ ರಿಂಗ್ ಕೂರುವ ಅವಕಾಶ ಬಹುಮಟ್ಟಿಗೆ ಮುಗಿಯಿತು. ಯೆರವಡಾದ ಗುಂಜನ್ ಚೌಕ, ಗಾಲ್ಫ್ ಕ್ಲಬ್ ಚೌಕಗಳ ಸಿಗ್ನಲ್‌ನಲ್ಲಿ ನಿಂತು ನಿಂತು ಕಳೆದ ಮೊದಲ ನೂರು ಕಿಲೋಮೀಟರ್ ಹೊಸ ರಿಂಗಿಗೆ ಎಲ್ಲಕ್ಕಿಂತ ಕೆಟ್ಟದ್ದು.

ಎಂಜಿನ್ ಎದ್ದ ಮೇಲೆ ಆಯಿಲ್ ಪ್ರೆಷರ್ ಮತ್ತು ಸೋರಿಕೆ ನೋಡಿಕೊಂಡು, ಬಿಸಿಯಾದ ಕೂಡಲೇ ರಸ್ತೆಗೆ ಇಳಿಸುವುದು ಸರಿಯಾದ ಕ್ರಮ. ಮೂರನೆಯ ಗೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಕ್ಸಿಲರೇಟರ್ ಕೊಟ್ಟು ವೇಗ ಏರಿಸಬೇಕು, ಆಮೇಲೆ ಕಾಲು ಪೂರ್ತಿ ತೆಗೆದು ಗೇರಿನಲ್ಲೇ ಇಳಿಯಲು ಬಿಡಬೇಕು, ಮತ್ತೆ ಏರಿಸಬೇಕು. ಏರುವಾಗ ರಿಂಗ್ ಒತ್ತಿ ಉಜ್ಜುತ್ತದೆ. ಇಳಿಯುವಾಗ ಸಿಲಿಂಡರಿನಲ್ಲಿ ಉಂಟಾಗುವ ನಿರ್ವಾತ ಸ್ವಲ್ಪ ಆಯಿಲನ್ನು ಮೇಲೆಳೆದು ಉಜ್ಜಿದ ಪುಡಿಯನ್ನು ತೊಳೆಯುತ್ತದೆ. ವಾಘೋಲಿ ದಾಟಿದ ನಗರ ರಸ್ತೆಯಲ್ಲಿ ಬೆಳಗಿನ ಜಾವ ಇದು ಸಾಧ್ಯ. ಆರ್‌ಪಿಎಂ ತೀರ ಮೇಲಕ್ಕೆ ಒಯ್ಯಬಾರದು, ಗಂಟೆಗಟ್ಟಲೆ ಒಂದೇ ವೇಗವೂ ಬೇಡ. ಮೊದಲ ಆಯಿಲ್ ಸಾಧಾರಣ ಮಿನರಲ್ ಆಯಿಲ್ ಇರಲಿ, 500ರಿಂದ 1000 ಕಿಲೋಮೀಟರಿಗೆ ಫಿಲ್ಟರ್ ಸಮೇತ ಬದಲಾಗಲಿ. ಕಾರ್ಖಾನೆಯಿಂದ ಬರುವ ಹೊಸ ಕಾರುಗಳಲ್ಲಿ ಮೊದಲಿನಿಂದಲೇ ಸಿಂಥೆಟಿಕ್ ಇರುತ್ತದಲ್ಲ ಎಂದು ಕೇಳುವವರಿದ್ದಾರೆ. ಕಾರ್ಖಾನೆಯ ಹೋನಿಂಗ್‌ನಲ್ಲಿ ಏಣುಗಳನ್ನು ಮೊದಲೇ ಚಪ್ಪಟೆ ಮಾಡಿರುತ್ತಾರೆ. ಗಲ್ಲಿಯ ಬೋರಿಂಗ್ ಅಂಗಡಿಯಲ್ಲಿ ಆ ಕೆಲಸವನ್ನು ರಿಂಗೇ ಮಾಡಿಕೊಳ್ಳಬೇಕು.

ಮೇಲಿನ ದಾರಿಯ, ಅಂದರೆ ಹೆಡ್ಡಿನ ಲಕ್ಷಣಗಳು ಬೇರೆ. ವಾಲ್ವ್ ಸೀಲ್ ಹಾಕುವಾಗ ವಾಲ್ವ್ ತುದಿಯಲ್ಲಿ ಕಾಟರ್ ಕೂರುವ ತೋಡಿಗೆ ತಾಗಿ ರಬ್ಬರ್ ತುಟಿ ಹರಿಯಬಹುದು, ಇಲ್ಲವೆ ಸವೆದ ಗೈಡ್ ಬದಲಿಸದೆ ಹೊಸ ಸೀಲ್ ಮಾತ್ರ ಹಾಕಿರಬಹುದು. ರಾತ್ರಿಯೆಲ್ಲ ನಿಂತ ಗಾಡಿ ಬೆಳಗ್ಗೆ ಸ್ಟಾರ್ಟ್ ಆದ ಕೂಡಲೇ ನೀಲಿ ಹೊಗೆ ಬಿಟ್ಟು ಆಮೇಲೆ ನಿಂತರೆ, ಇಲ್ಲವೆ ಸಿಗ್ನಲ್‌ನಲ್ಲಿ ಬಹಳ ಹೊತ್ತು ನಿಂತು ಹೊರಡುವಾಗ ಹೊಗೆ ಬಂದರೆ, ಮೊದಲ ಸಂಶಯ ಸೀಲ್ ಮೇಲೆ. ಚಳಿಗಾಲದ ಬೆಳಗಿನ ಬಿಳಿ ಹೊಗೆ ಬರಿ ನೀರಾವಿ, ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾದದ್ದು. ಎರಡೂ ಈ ಲೆಕ್ಕಕ್ಕೆ ಸೇರುವುದಿಲ್ಲ. ಹೊಗೆ ತಪಾಸಣೆಯ ಪಿಯುಸಿ ಸರ್ಟಿಫಿಕೇಟ್ ಸಿಕ್ಕಿತೆಂದು ಸಮಾಧಾನಪಡುವುದೂ ಸರಿಯಲ್ಲ. ಪೆಟ್ರೋಲ್ ಗಾಡಿಗೆ ಅಲ್ಲಿ ಐಡಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೊಕಾರ್ಬನ್ ಅಳೆಯುತ್ತಾರೆಯೇ ಹೊರತು ಭಾರ ಹೊತ್ತಾಗ ಏಳುವ ನೀಲಿ ಹೊಗೆಯನ್ನಲ್ಲ.

ಹಡಪ್ಸರದಿಂದ ಸಾಸವಡಕ್ಕೆ ಏರುವ ದಿವೆ ಘಾಟ್ ಈ ಪರೀಕ್ಷೆಗೆ ಹೇಳಿ ಮಾಡಿಸಿದ ಜಾಗ. ಹಿಂದಿನ ಸೀಟಿನಲ್ಲಿ ಒಬ್ಬರು ಕೂತು ಗಾಜಿನಿಂದ ಹೊಗೆ ನೋಡುತ್ತಿರಲಿ. ಏರುವಾಗ ಬಿಡದೆ ನೀಲಿ ಹೊಗೆ ಬಂದರೆ ರಿಂಗ್ ದಾರಿ. ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಬಂದು, ತಳದಲ್ಲಿ ಮತ್ತೆ ಒತ್ತಿದಾಗ ಒಮ್ಮೆಲೇ ದಟ್ಟ ಹೊಗೆ ಎದ್ದರೆ ಸೀಲ್ ಇರಬಹುದು, ಆಯಿಲ್ ರಿಂಗೂ ಇರಬಹುದು, ಏಕೆಂದರೆ ನಿರ್ವಾತ ಎರಡೂ ಕಡೆಯಿಂದ ಎಳೆಯುತ್ತದೆ. ಇಲ್ಲಿ ಅನೇಕರು ಆತುರಪಟ್ಟು ಹೆಡ್ ಇಳಿಸುತ್ತಾರೆ. ಅದಕ್ಕೆ ಮುಂಚೆ ಇನ್ನೆರಡು ಸಾಕ್ಷಿ ನೋಡಬೇಕು.

ಒಂದು, ಪ್ಲಗ್‌ಗಳು. ಮೂರನ್ನೂ ಕಳಚಿ ಯಾವ ಸಿಲಿಂಡರಿನದು ಯಾವುದು ಎಂದು ಸಾಲಾಗಿ ಇಟ್ಟು ನೋಡಬೇಕು. ಒಂದೇ ಪ್ಲಗ್ ಆಯಿಲ್‌ನಲ್ಲಿ ನೆನೆದು ಮಿಕ್ಕ ಎರಡು ಒಣಗಿದ್ದರೆ ಆ ಒಂದು ಸಿಲಿಂಡರಿನ ಜೋಡಣೆಯಲ್ಲಿ ತಪ್ಪಾಗಿದೆ: ತಿರುಗುಮುರುಗಾದ ರಿಂಗ್, ಹತ್ತಿ ಕೂತ ಎಕ್ಸ್‌ಪಾಂಡರ್, ಹರಿದ ಸೀಲ್. ಮೂರೂ ಒಂದೇ ಥರ ನೆನೆದಿದ್ದರೆ ಮೂರಕ್ಕೂ ಸಮಾನವಾದ ಕಾರಣ ಹುಡುಕಬೇಕು: ಹೋನಿಂಗ್, ತೊಳೆಯುವಿಕೆ, ರನ್ನಿಂಗ್ ಇನ್, ಇಲ್ಲವೆ ಟ್ಯಾಪೆಟ್ ಕವರಿನಿಂದ ಏರ್ ಫಿಲ್ಟರಿಗೆ ಹೋಗುವ ಉಸಿರಿನ ಪೈಪ್. ಆ ಪೈಪ್ ಕಳಚಿ ಒಳಗೆ ಬೆರಳಾಡಿಸಿ, ಏರ್ ಫಿಲ್ಟರ್ ನೋಡಿದರೆ ಅದರ ಪಾಲು ತಿಳಿದುಬಿಡುತ್ತದೆ. ಆಯಿಲ್ ಹೆಚ್ಚು ಸುರಿದಿದ್ದರೂ, ಟ್ಯಾಪೆಟ್ ಕವರಿನೊಳಗಿನ ತಡೆತಗಡು ಸರಿಯಾಗಿ ಕೂರದಿದ್ದರೂ ಅಲ್ಲಿ ಆಯಿಲ್ ಸಿಗುತ್ತದೆ. ಎಂಜಿನ್ ಬಿಚ್ಚದೆ ಸಂಶಯದ ಪಟ್ಟಿಯನ್ನು ಅರ್ಧ ಮಾಡುವ ಇಂಥ ಪರೀಕ್ಷೆ ಇನ್ನೊಂದಿಲ್ಲ.

ಎರಡನೆಯದು ಪ್ಲಗ್ ತೂತಿನಿಂದ ಇಳಿಬಿಡುವ ಸಣ್ಣ ಕ್ಯಾಮೆರಾ. ಮೊಬೈಲಿಗೆ ಜೋಡಿಸುವಂಥವು ಈಗ ಕಡಿಮೆ ಬೆಲೆಗೆ ಸಿಗುತ್ತವೆ. ಪಿಸ್ಟನ್ ತಲೆಯ ಮೇಲೆ ಸಾಮಾನ್ಯವಾಗಿ ಕಪ್ಪು ಕಾರ್ಬನ್ ಪದರ ಇರುತ್ತದೆ. ಅಂಚಿನ ಸುತ್ತ ಬಳೆಯಾಕಾರದಲ್ಲಿ ಕಾರ್ಬನ್ ತೊಳೆದುಹೋಗಿ ಲೋಹ ಹೊಳೆಯುತ್ತಿದ್ದರೆ ಆಯಿಲ್ ಗೋಡೆಯ ಕಡೆಯಿಂದ, ಅಂದರೆ ರಿಂಗ್ ದಾಟಿ ಬರುತ್ತಿದೆ. ಅಂಚು ಒಣಗಿದ್ದು ಇನ್ಲೆಟ್ ವಾಲ್ವಿನ ಕೆಳಗಿನ ಭಾಗ ಮಾತ್ರ ನೆನೆದಿದ್ದರೆ, ವಾಲ್ವಿನ ಬೆನ್ನ ಮೇಲೆ ದಪ್ಪ ಜಿಡ್ಡಿನ ಗಂಟು ಕಟ್ಟಿದ್ದರೆ, ಅದು ಗೈಡಿನಿಂದ ಇಳಿದದ್ದು. ಗೋಡೆಯನ್ನೂ ನೋಡಿ: ಹೋನಿಂಗ್ ಗೀರು ಸ್ಪಷ್ಟವಾಗಿದೆಯೇ, ಕನ್ನಡಿಯಾಗಿದೆಯೇ, ಮೇಲಿನಿಂದ ಕೆಳಗೆ ಉದ್ದುದ್ದ ಗೀಟು ಬಿದ್ದಿದೆಯೇ.

ಇಷ್ಟೆಲ್ಲ ಏಕೆ, ಆಯಿಲ್ ಸುರಿಯುತ್ತಾ ಓಡಿಸಿದರಾಗದೇ ಎಂದು ಕೇಳುವವರೂ ಇದ್ದಾರೆ. ಮಾರುತಿ 800ರ ಹೊಟ್ಟೆಯಲ್ಲಿ ಇರುವುದೇ ಸುಮಾರು ಮೂರು ಲೀಟರ್. ಅದರಲ್ಲಿ ಒಂದು ಲೀಟರ್ ಹೋದರೆ ಘಾಟಿನ ತಿರುವುಗಳಲ್ಲಿ ಪಂಪ್ ಗಾಳಿ ಎಳೆದು ಬೇರಿಂಗ್‌ಗೆ ಆಯಿಲ್ ತಪ್ಪಬಹುದು. ಎಂಪಿಎಫ್‌ಐ ಗಾಡಿಯಾದರೆ ಆಯಿಲ್‌ನಲ್ಲಿರುವ ರಂಜಕ ಮತ್ತು ಸತು ಉರಿದು ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಕೂತು ಅದನ್ನು ನಿಷ್ಕ್ರಿಯ ಮಾಡುತ್ತವೆ. ಅದರ ಬೆಲೆ ರಿಂಗ್ ಸೆಟ್ಟಿನ ಬೆಲೆಗಿಂತ ಎಷ್ಟೋ ಪಟ್ಟು. ಹಿಂದೆ ನಡೆಯುವವರು ಉಸಿರಾಡುವ ನೀಲಿ ಹೊಗೆಯನ್ನಂತೂ ಯಾರೂ ಲೆಕ್ಕ ಹಾಕುವುದಿಲ್ಲ.

ಸಾಕ್ಷಿಗಳೆಲ್ಲ ರಿಂಗಿನ ಕಡೆ ಬೆರಳು ಮಾಡಿ, ಒಂದೂವರೆ ಎರಡು ಸಾವಿರ ಕಿಲೋಮೀಟರ್ ಸರಿಯಾಗಿ ಭಾರ ಹಾಕಿ ಓಡಿಸಿದ ಮೇಲೂ ತೂಕದ ನಷ್ಟ ಇಳಿಯದಿದ್ದರೆ ಬಿಚ್ಚಲೇಬೇಕು. ಆಗಲೂ ಅವಸರ ಬೇಡ. ಪಿಸ್ಟನ್ ಹೊರಬಂದ ಕೂಡಲೇ ರಿಂಗ್ ತೆಗೆಯದೆ, ಸೀಳುಗಳು ಎಲ್ಲೆಲ್ಲಿವೆ ಎಂದು ಫೋಟೊ ಹಿಡಿಯಬೇಕು. ರಿಂಗಿನ ಗುರುತು ಮೇಲಿದೆಯೇ, ಎಕ್ಸ್‌ಪಾಂಡರಿನ ತುದಿಗಳು ಹೇಗೆ ಕೂತಿವೆ, ಆಯಿಲ್ ಇಳಿಯುವ ತೂತುಗಳು ತೆರೆದಿವೆಯೇ ಎಂದು ಒಂದೊಂದಾಗಿ ನೋಡಿ ಬರೆದಿಡಬೇಕು. ರಿಂಗನ್ನು ಬೋರಿನೊಳಗೆ ಸಮನಾಗಿ ಕೂರಿಸಿ ಫೀಲರ್ ಗೇಜಿನಿಂದ ಸೀಳು ಅಳೆದರೆ ಈ ಅಳತೆಯ ಬೋರಿಗೆ 0.2ರಿಂದ 0.3 ಮಿ.ಮೀ. ಆಸುಪಾಸು ಬರಬೇಕು. ಬೋರನ್ನು ಮೇಲೆ, ನಡುವೆ, ಕೆಳಗೆ ಎರಡೆರಡು ದಿಕ್ಕಿನಲ್ಲಿ ಬೋರ್ ಗೇಜಿನಿಂದ ಅಳೆದ ಅಂಕಿಗಳು ಅದೇ ಹಾಳೆಯಲ್ಲಿ ಇರಲಿ. ಹಾಳೆಯಲ್ಲಿ ಅಂಕಿ ಇದ್ದರೆ ಬೋರಿಂಗ್ ಅಂಗಡಿಯವನು, ಫಿಟ್ಟರ್ ಮತ್ತು ಮಾಲೀಕ ಖರ್ಚು ಯಾರದೆಂದು ಕೂತು ಮಾತಾಡಬಹುದು. ಇಲ್ಲದಿದ್ದರೆ ಖರ್ಚೆಲ್ಲ ಮಾಲೀಕನ ತಲೆಯ ಮೇಲೆ ಬೀಳುವುದೇ ಹೆಚ್ಚು. ಗೋಡೆ ಕನ್ನಡಿಯಾಗಿದ್ದು ಬೋರ್ ದುಂಡಗಿದ್ದರೆ ಮತ್ತೆ ಬೋರಿಂಗ್ ಬೇಕಿಲ್ಲ. ಹಗುರವಾಗಿ ಹೋನಿಂಗ್ ಮಾಡಿಸಿ, ಸೋಪು ಹಾಕಿ ತೊಳೆದು, ಹೊಸ ರಿಂಗ್ ಸೆಟ್ ಕೂರಿಸಿದರೆ ಸಾಕು. ಪಿಸ್ಟನ್ ಅದೇ ನಡೆಯುತ್ತದೆ. ಆಯಿಲ್ ತೂಗಿ ಹಾಕಿ, ಬೆಳಗ್ಗೆ ಸಿಗ್ನಲ್‌ಗಳಲ್ಲಿ ಗಾಡಿಗಳು ಸೇರುವ ಮೊದಲೇ ನಗರ ರಸ್ತೆ ಹಿಡಿಯಬೇಕು.